ಮನೆಮನೆಗೆ ಹೋದ ನಡವಳಿ ಪುಸ್ತಕ

ಪತ್ರಿಕೆಯಲ್ಲಿ ನಮ್ಮ ಮೇಷ್ಟ್ರ ಫೋಟೋ ಹಾಕಿ, ಕೆಳಗೆ ಹೆಸರಿನ ಮುಂದೆ "ಡಾ." ಅಂತ ಅಚ್ಚು ಮಾಡಿದ್ದರು. ತೀರಿಕೊಂಡ ಸುದ್ದಿ ಓದಿ ಮೊದಲು ಅಳು ಬರಬೇಕಿತ್ತು. ನನಗೆ ಬಂದದ್ದು ಸಿಟ್ಟು. ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆ. ಆ ಕಡೆ ಇದ್ದವರು ಪಾಪ, "ಗೌರವಕ್ಕೆ ಹಾಕಿದ್ದೀವಿ ಮೇಡಂ, ಇರಲಿ ಬಿಡಿ" ಅಂದರು. "ಗೌರವ ಇದ್ದರೆ ಮೊದಲು ಅದನ್ನ ತೆಗೀರಿ. ಅವರು ಡಾಕ್ಟರ್ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದು ಅವರ ಜೀವನದ ದೊಡ್ಡ ಸಂಗತಿ" ಅಂದೆ. ಅವರು ಫೋನ್ ಇಟ್ಟರು. ಹಾಗಾಗಿ ಬರೆಯುತ್ತಿದ್ದೇನೆ. ಅವರ ಹೆಸರು ಮಾತ್ರ ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಅಚ್ಚಾದರೆ ಮುಖ ಗಂಟಿಕ್ಕುವ ಮನುಷ್ಯ ಅವರು.

ನಾನು ಚಿತ್ರದುರ್ಗದ ಕಾಲೇಜಿಗೆ ರಾಜ್ಯಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ವಿಭಾಗ ಅಂದರೆ ನಾವಿಬ್ಬರೇ: ಮುಖ್ಯಸ್ಥರು ಅವರು, ಉಳಿದವಳು ನಾನು. ಒಂದು ಮೇಜು, ಎರಡು ಕುರ್ಚಿ, ಬಾಗಿಲು ಹಾಕಿದರೆ ತಾನೇ ತೆರೆದುಕೊಳ್ಳುವ ಒಂದು ಬೀರು. ಮೊದಲ ದಿನ ಅವರು ನನಗೆ ಕೊಟ್ಟದ್ದು ಪಠ್ಯಕ್ರಮ ಅಲ್ಲ, ಒಂದು ಚೀಟಿ. ಅದರಲ್ಲಿ ತರಗತಿಯಲ್ಲಿ ಹೇಳಕೂಡದ ಮಾತುಗಳಿದ್ದವು. "ಒಟ್ಟಾರೆಯಾಗಿ", "ಸಾಮಾನ್ಯವಾಗಿ", "ಎಲ್ಲರಿಗೂ ತಿಳಿದಿರುವಂತೆ". ಕೊನೆಯದಕ್ಕೆ ಕೆಳಗೆ ಗೆರೆ ಎಳೆದಿದ್ದರು.

"ಎಲ್ಲರಿಗೂ ತಿಳಿದಿದ್ರೆ ನಮಗೆ ಯಾಕಮ್ಮ ಸಂಬಳ?" ಅಂದರು.

ತುರುವನೂರಿನ ಕಡೆಯವರು. ಕುಳ್ಳಗಿನ ಆಳು, ವರ್ಷವಿಡೀ ಒಂದೇ ಕರಿ ಕೋಟು, ಅದರ ಎಡ ಜೇಬಿನಲ್ಲಿ ಯಾವಾಗಲೂ ಕಾಗದದ ಪೊಟ್ಟಣದಲ್ಲಿ ಖಾರದ ಮಂಡಕ್ಕಿ. ಓದುತ್ತಾ ಓದುತ್ತಾ ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಹಿಡಿ ಹಿಡಿ ತಿನ್ನುತ್ತಿದ್ದರು. ಅವರ ಮನಸ್ಸು ಹೇಗಿದೆ ಅಂತ ಮುಖ ನೋಡಿ ತಿಳಿಯುತ್ತಿರಲಿಲ್ಲ, ಜೇಬು ನೋಡಿ ತಿಳಿಯಬೇಕಿತ್ತು.

ಮೊದಲ ವರ್ಷದ ಹುಡುಗರಿಗೆ ಅವರ ಮೊದಲ ಪ್ರಶ್ನೆ ಪ್ರತಿ ವರ್ಷ ಒಂದೇ: "ರಾಜ್ಯ ಅನ್ನೋದನ್ನ ನಿಮ್ಮಲ್ಲಿ ಯಾರಾದರೂ ಕಣ್ಣಾರೆ ನೋಡಿದ್ದೀರಾ?" ಕೆಲವರು ಕಿಟಕಿಯಾಚೆಯ ಕೋಟೆಯ ಕಡೆ ಕೈ ತೋರಿಸುತ್ತಿದ್ದರು, ಕೆಲವರು ಡಿ.ಸಿ. ಆಫೀಸು ಅನ್ನುತ್ತಿದ್ದರು. ಒಂದು ವರ್ಷ ಹಿರಿಯೂರು ಕಡೆಯ ಹುಡುಗನೊಬ್ಬ ಎದ್ದು ನಿಂತು, "ನಾನು ನೋಡೀನಿ ಸಾರ್. ಸೈಕಲ್ಲಿಗೆ ಲೈಟಿಲ್ಲ ಅಂತ ನಮ್ಮಪ್ಪನ ಹಿಡ್ಕಂಡು ಗಾಳಿ ಬಿಟ್ಟು ಕಳಿಸ್ತಲ್ಲ, ಅದೇ ರಾಜ್ಯ" ಅಂದ. ಇಡೀ ತರಗತಿ ನಕ್ಕಿತು. ಇವರು ನಗಲಿಲ್ಲ. "ಮೂರು ವರ್ಷ ಇದನ್ನ ಮರೀಬೇಡ. ನಾನು ಮರೆಸೋಕೆ ನೋಡ್ತೀನಿ, ಆದರೂ ಮರೀಬೇಡ" ಅಂದರು.

ರಸಾಯನಶಾಸ್ತ್ರದವರಿಗೆ ನಮ್ಮನ್ನು ಕಂಡರೆ ತಮಾಷೆ. "ನಿಮ್ಮದೂ ಒಂದು ಶಾಸ್ತ್ರವೇನ್ರಿ? ಲ್ಯಾಬ್ ಎಲ್ಲಿ?" ಅಂತ ಸ್ಟಾಫ್ ರೂಮಿನಲ್ಲಿ ಕೆಣಕುತ್ತಿದ್ದರು. ಇವರು ಬಸ್ ಸ್ಟ್ಯಾಂಡಿನ ಕಡೆ ಬೆರಳು ಮಾಡಿ, "ಅಲ್ಲಿ ನಿಂತೈತೆ ನೋಡ್ರಿ, ಹೊಸದುರ್ಗದ ಬಸ್ಸು. ಹತ್ತಿ ಬರ್ರಿ, ತೋರಿಸ್ತೀನಿ" ಅನ್ನುತ್ತಿದ್ದರು. ಅವರು ಹಾಗೆ ಬಸ್ಸು ಹತ್ತುತ್ತಿದ್ದದ್ದು ನಿಜ. ಆದರೆ ಇಳಿದ ಮೇಲೆ ಎಲ್ಲಿಗೆ ಹೋಗುತ್ತಿದ್ದರು ಅನ್ನುವುದರಲ್ಲೇ ಈ ಕತೆಯೆಲ್ಲ ಇದೆ.

ಪಂಚಾಯ್ತಿ ಕಚೇರಿಗೆ ಹೋಗುತ್ತಿದ್ದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ತಾಲ್ಲೂಕಿಗೆ ನಾಲ್ಕರಂತೆ ಹದಿನಾರು ಗ್ರಾಮ ಪಂಚಾಯ್ತಿಗಳನ್ನು ಆರಿಸಿಕೊಂಡಿದ್ದರು. ಆರು ವರ್ಷ, ಶನಿವಾರ ಮಧ್ಯಾಹ್ನ ಮತ್ತು ಭಾನುವಾರ, ಆ ಕಚೇರಿಗಳ ಬೀರು ತೆಗೆಸಿ ಮೀಟಿಂಗುಗಳ ನಡವಳಿ ಪುಸ್ತಕ ಓದುತ್ತಿದ್ದರು. ಯಾವ ತಿಂಗಳು ಸಭೆ ಸೇರಿತು, ಯಾರು ಬಂದರು, ಯಾರು ಠರಾವು ಮಂಡಿಸಿದರು, ಯಾರು ಅನುಮೋದಿಸಿದರು, ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಇದು ಅವರ ಪಿಎಚ್.ಡಿ. ಕೆಲಸ. ಹಳ್ಳಿಯ ಜನಕ್ಕೆ ಪ್ರಜಾಪ್ರಭುತ್ವ ಬರುವುದಿಲ್ಲ ಅನ್ನುವ ಪಟ್ಟಣದವರ ಮಾತು ಕೇಳಿ ಕೇಳಿ ಅವರಿಗೆ ಮೈ ಉರಿದಿತ್ತು. ನಡವಳಿ ಪುಸ್ತಕಗಳೋ ಅವರ ಪರವಾಗಿದ್ದವು. ಪ್ರತಿ ತಿಂಗಳು ಸಭೆ, ತುಂಬಿದ ಹಾಜರಾತಿ, ಪ್ರತಿ ಪುಟದಲ್ಲೂ "ಸರ್ವಾನುಮತದಿಂದ ಅಂಗೀಕರಿಸಲಾಯಿತು". "ದಾಖಲೆ ಇಲ್ಲದ ಮಾತು ಹೋಟೆಲ್ ಮಾತು" ಅನ್ನುವುದು ಅವರ ನುಡಿ. ನನಗೆ ಅದನ್ನು ವಾರಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು.

ನಾನು ಸೇರುವ ಹೊತ್ತಿಗೆ ಪ್ರಬಂಧ ಟೈಪಾಗಿ ಮುಗಿದಿತ್ತು. ನೋಂದಣಿಯ ಅವಧಿ ಮುಗಿಯಲು ಮೂರು ತಿಂಗಳಿತ್ತು. ಪದವಿ ಬಂದರೆ ಮುಂದೆ ಪ್ರಿನ್ಸಿಪಾಲರ ಕುರ್ಚಿ ಅವರಿಗೇ ಅಂತ ಎಲ್ಲರೂ ಹೇಳುತ್ತಿದ್ದರು. ಅವರಿಗೂ ಅದು ಬೇಕಿತ್ತು, ಮುಚ್ಚಿಟ್ಟುಕೊಂಡವರಲ್ಲ. ಅಷ್ಟರಲ್ಲಿ ವಿಶ್ವವಿದ್ಯಾಲಯದ ಮಾರ್ಗದರ್ಶಕರು ಒಂದು ಸಣ್ಣ ಮಾತು ಹೇಳಿ ಕಳಿಸಿದರು. ಪಂಚಾಯ್ತಿಗಳಲ್ಲಿ ಮಹಿಳಾ ಸದಸ್ಯರು ಇರುತ್ತಾರಲ್ಲ, ಅವರಲ್ಲಿ ಒಂದಿಬ್ಬರ ಸಂದರ್ಶನವನ್ನು ಅನುಬಂಧಕ್ಕೆ ಸೇರಿಸಿದರೆ ಚೆನ್ನ ಅಂತ. ಇವರು ಹೆಂಗಸರ ಜೊತೆ ಅಡುಗೆಮನೆಯಲ್ಲಿ ಕೂತು ಮಾತಾಡುವವರಲ್ಲ. "ನೀನು ಹೋಗಿ ಬಾಮ್ಮ, ಎರಡು ಪುಟ ಸಾಕು" ಅಂದರು.

ಹೊಳಲ್ಕೆರೆ ತಾಲ್ಲೂಕಿನ ಒಂದು ಊರಿಗೆ ಹೋದೆ. ಸದಸ್ಯೆಯ ಹೆಸರು ತಿಪ್ಪಮ್ಮ. ಪ್ರಬಂಧದ ಐದನೇ ಅಧ್ಯಾಯದಲ್ಲಿ ಮೇಷ್ಟ್ರು ಅವಳ ಹೆಸರನ್ನೇ ಎತ್ತಿ ಬರೆದಿದ್ದರು, ಊರ ರಸ್ತೆಗೆ ಮೋರಿ ಕಟ್ಟುವ ಠರಾವನ್ನು ಅನುಮೋದಿಸಿದ ಎಚ್ಚೆತ್ತ ಗ್ರಾಮೀಣ ಮಹಿಳೆ ಅಂತ. ನಾನು ಹೋದಾಗ ಆ ಎಚ್ಚೆತ್ತ ಮಹಿಳೆ ಹಿತ್ತಲಲ್ಲಿ ಮೆಣಸಿನಕಾಯಿ ಆರಹಾಕುತ್ತಿದ್ದಳು.

"ಮೀಟಿಂಗಿನಲ್ಲಿ ನೀವು ಏನೇನು ಮಾತಾಡ್ತೀರಿ ಹೇಳ್ರಿ" ಅಂದೆ.

"ಯಾವ ಮೀಟಿಂಗು ತಾಯಿ?"

"ಪಂಚಾಯ್ತಿ ಮೀಟಿಂಗು."

"ಅದು ಎಲ್ಲಿ ನಡೀತೈತೋ ನನಗೇನು ಗೊತ್ತು. ಪುಸ್ತಕ ಮನಿಗೇ ಬರ್ತೈತೆ. ಜವಾನ ತರ್ತಾನೆ. ಅವನು ತೋರಿಸಿದ ಕಡೆ ಹೆಬ್ಬೆಟ್ಟು ಒತ್ತುತೀನಿ. ಕುಂತ್ಕಳ್ರಿ, ಮಜ್ಜಿಗೆ ತರ್ತೀನಿ."

ನಾನು ಎರಡು ಪುಟ ಬರೆದುಕೊಂಡು ಬಂದೆ. ಬಸ್ಸಿನಲ್ಲಿ ಬರುವಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ. ವಾರಕ್ಕೆ ನಾಲ್ಕು ಸಲ ದಾಖಲೆಯ ಪಾಠ ಕೇಳಿದವಳು ನಾನು. ದೊಡ್ಡವರು ಎಡವಿದ್ದನ್ನು ಮೊದಲು ನೋಡಿದವಳು ನಾನೇ ಅನ್ನುವ ಜಂಬ. ಅವರ ಆರು ವರ್ಷದ ಬಗ್ಗೆ ನನಗೆ ಆಗ ಯೋಚನೆಯೇ ಬರಲಿಲ್ಲ. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಓದಿ ಹೇಳಿದೆ. ಅವರ ಕೈ ಕೋಟಿನ ಜೇಬಿಗೆ ಹೋಯಿತು. ಒಂದು ಹಿಡಿ, ಇನ್ನೊಂದು ಹಿಡಿ.

"ಒಬ್ಬ ಹೆಂಗಸಿನ ಮಾತು. ಮರೆತಿರಬೇಕು" ಅಂದರು.

"ನೀವೇ ಬಂದು ಕೇಳಿ ಸರ್."

ಭಾನುವಾರ ಇಬ್ಬರೂ ಹೋದೆವು. ಅವರು ನೋಟ್‌ಬುಕ್ ತೆಗೆದು ಮೋರಿಯ ಠರಾವಿನ ತಾರೀಖು ಓದಿದರು. ಅದು ಯುಗಾದಿ ಆದ ಮೂರನೇ ದಿನ ಅಂತ ಬಿಡಿಸಿ ಹೇಳಿದರು. ತಿಪ್ಪಮ್ಮ ಬೆರಳು ಮಡಚಿ ಲೆಕ್ಕ ಹಾಕಿ ನಕ್ಕುಬಿಟ್ಟಳು.

"ಆ ಯುಗಾದಿಗೆ ನಾನು ಊರಾಗೆ ಇರ್ಲಿಲ್ಲ ಮೇಷ್ಟ್ರೇ. ಮಗಳದ್ದು ಎರಡನೇ ಹೆರಿಗೆ ಅಂತ ಬಬ್ಬೂರಿಗೆ ಹೋಗಿದ್ದೆ. ಅಳಿಯ ಅಲ್ಲಿ ಫಾರಂನಾಗೆ ಕೂಲಿ ಮಾಡ್ತಾನೆ. ಮೂರು ತಿಂಗಳು ಅಲ್ಲೇ ಇದ್ದೆ."

"ಹಂಗಾದ್ರೆ ಪುಸ್ತಕದಾಗಿರೋದು ಯಾರ ಹೆಬ್ಬೆಟ್ಟು?"

ಜಗುಲಿಯ ಮೇಲೆ ಬೀಡಿ ಸೇದುತ್ತಿದ್ದ ಅವಳ ಗಂಡ ಅಲ್ಲಿಂದಲೇ ಹೆಮ್ಮೆಯಿಂದ ಕೂಗಿದ: "ನಂದೇ ರೀ! ಇವಳು ಇಲ್ಲದಾಗೆಲ್ಲ ನಾನೇ ಒತ್ತೋದು. ಹೆಬ್ಬೆಟ್ಟಿಗೇನು ಗಂಡು ಹೆಣ್ಣು ಅಂತ ಗೊತ್ತಾಗ್ತೈತಾ?"

ನಾನು ನಗು ತಡೆದುಕೊಂಡು ಮೇಷ್ಟ್ರ ಕಡೆ ನೋಡಿದೆ. ತಡೆದುಕೊಂಡದ್ದು ಒಳ್ಳೆಯದಾಯಿತು. ಅವರ ಮುಖ ಬಿಳಿಚಿಹೋಗಿತ್ತು. ನೋಟ್‌ಬುಕ್ಕನ್ನು ಮುಚ್ಚಿ, ಮತ್ತೆ ತೆಗೆದು, ಮತ್ತೆ ಮುಚ್ಚಿದರು. ತಿಪ್ಪಮ್ಮನಿಗೆ ಏನೋ ಅನ್ನಿಸಿರಬೇಕು. "ಬೇಜಾರು ಮಾಡ್ಕಬ್ಯಾಡ್ರಿ. ಕರೆದಿದ್ರೆ ಬರ್ತಿದ್ದೆ ನಾನು. ಯಾರೂ ಕರೀಲಿಲ್ಲ" ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ನೋಟ್‌ಬುಕ್ಕಿನ ಪುಟಗಳನ್ನು ಮೊದಲಿಂದ ತಿರುವಿ ಹಾಕಿದರು. ಚಿತ್ರದುರ್ಗ ಹತ್ತಿರವಾದಾಗ, "ಉಳಿದ ಹದಿನೈದು ಊರಲ್ಲೂ ಹಿಂಗೇ ಇರಬೇಕಲ್ಲಮ್ಮ" ಅಂದರು. ನಾನು ಸಮಾಧಾನಕ್ಕೆ, ಹಾಗೇನೂ ಇರಲಿಕ್ಕಿಲ್ಲ ಅಂದೆ. "ಚೀಟಿಯಲ್ಲಿ ಇನ್ನೊಂದು ಮಾತು ಸೇರಿಸ್ಕೋ. ಇರಲಿಕ್ಕಿಲ್ಲ ಅನ್ನಬಾರದು. ಹೋಗಿ ನೋಡಬೇಕು" ಅಂದರು.

ಮಾರ್ಗದರ್ಶಕರಿಗೆ ನಡೆದದ್ದನ್ನೆಲ್ಲ ಬರೆದರು. ಉತ್ತರ ಬೇಗ ಬಂತು. ಇದೇನೂ ದೊಡ್ಡ ವಿಷಯವಲ್ಲ, ಪ್ರಬಂಧದ ಮಿತಿಗಳು ಅಂತ ಒಂದು ಪುಟ ಇರುತ್ತದಲ್ಲ, ಅದರಲ್ಲಿ ಒಂದು ಸಾಲು ಸೇರಿಸಿ ಸಲ್ಲಿಸಿಬಿಡಿ, ಯಾರೂ ಹಳ್ಳಿಗೆ ಹೋಗಿ ಪರೀಕ್ಷೆ ಮಾಡುವುದಿಲ್ಲ ಅಂತ. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು. ನಾನೂ ಅದನ್ನೇ ಹೇಳಿದೆ. ಹೇಳಿದೆನೇನು, ಬೇಡಿಕೊಂಡೆ. ಅಷ್ಟು ಹೊತ್ತಿಗೆ ನನ್ನ ಜಂಬ ಇಳಿದು ಹೆದರಿಕೆ ಶುರುವಾಗಿತ್ತು. ಅವರ ಹೆಂಡತಿ ಟೈಪಾದ ಪ್ರತಿಗಳನ್ನು ಹೊಸ ಟವೆಲ್ಲಿನಲ್ಲಿ ಸುತ್ತಿ ದೇವರ ಗೂಡಿನ ಪಕ್ಕ ಇಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೆ.

"ಒಂದು ಸಾಲಲ್ಲವೇ ಸರ್?"

"ಆ ಒಂದು ಸಾಲೇ ಪ್ರಬಂಧ ಕಣಮ್ಮ. ನಾನು ಬರೆದ ಮುನ್ನೂರು ಪುಟ ಅದಕ್ಕೆ ಅಡಿಟಿಪ್ಪಣಿ."

"ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗೈತಲ್ಲ" ಅಂದರು. ಕಾಲೇಜಿನೊಳಗೆ ತಮಾಷೆಗಲ್ಲದೆ ಅವರು "ಐತೆ" ಅಂದದ್ದನ್ನು ನಾನು ಕೇಳಿರಲಿಲ್ಲ. ಆ ದಿನ ಅವರು ನನ್ನ ಜೊತೆ ತುರುವನೂರಿನ ಮನುಷ್ಯನಾಗಿ ಮಾತಾಡಿದರು.

ಪ್ರಬಂಧ ಸಲ್ಲಿಸಲಿಲ್ಲ. ನೋಂದಣಿ ರದ್ದಾಯಿತು. ಮುಂದೆ ಪ್ರಿನ್ಸಿಪಾಲರಾಗಿ ಬೇರೆಯವರು ಬಂದರು. ಸ್ಟಾಫ್ ರೂಮಿನಲ್ಲಿ ಪಿಸುಮಾತು ನಡೆಯಿತು, ಇವರ ಕೈಲಿ ಆಗಲಿಲ್ಲ, ಅದಕ್ಕೊಂದು ನೆಪ ಅಂತ. ಇವರು ಆ ಕಡೆ ತಿರುಗಿಯೂ ನೋಡಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದರು, ನಾನು ಹತ್ತು ನಿಮಿಷ ತಡವಾದರೆ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಈ ಸಲ ಅವರು ಬೀರು ತೆಗೆಸಲಿಲ್ಲ. ಜವಾನನನ್ನು ಹುಡುಕಿ, "ನೀನು ಪುಸ್ತಕ ತಗೊಂಡು ಹೋಗೋ ದಾರಿ ತೋರಿಸಪ್ಪ, ನಿನ್ನ ಹಿಂದೆ ನಡೀತೀನಿ" ಅನ್ನುತ್ತಿದ್ದರು. ಪುಸ್ತಕ ಮೊದಲು ಯಾರ ಮನೆಗೆ ಹೋಗುತ್ತದೆ, ಆಮೇಲೆ ಯಾರ ಮನೆಗೆ, ಯಾರ ಮನೆಯಲ್ಲಿ ಕಾಫಿ ಆಗುವ ತನಕ ಕೂರುತ್ತದೆ, ಯಾರ ಮನೆಯಲ್ಲಿ ಬಾಗಿಲಲ್ಲೇ ಕೆಲಸ ಮುಗಿಯುತ್ತದೆ, ಎಲ್ಲವನ್ನೂ ಕೇಳಿ ಊರಿನ ನಕ್ಷೆ ಬರೆದು ಬಾಣದ ಗುರುತು ಹಾಕುತ್ತಿದ್ದರು. ಅಡುಗೆಮನೆಗಳ ಒಳಗೆ ಹೋಗುವುದು ನನ್ನ ಪಾಲಿನ ಕೆಲಸ. ಹೊಸದುರ್ಗ ಕಡೆಯ ಒಂದು ಊರಿನಲ್ಲಿ ಕೇರಿಯ ಸದಸ್ಯನ ಮನೆ ಎಲ್ಲಿ ಅಂತ ಇವರು ಕೇಳಿದರು. ಜವಾನ ನೆಲ ನೋಡಿದ. "ಆ ಮನಿಗೆ ಪುಸ್ತಕ ಹೋಗಲ್ಲ ಸ್ವಾಮಿ. ಅವನನ್ನೇ ಕರೆಸ್ತೀವಿ. ಚೇರ್ಮನ್ರ ಅಂಗಳದಾಗೆ ನಿಂತು ಒತ್ತಿ ಹೋಗ್ತಾನೆ" ಅಂದ. ಮೇಷ್ಟ್ರು ಆ ಮನೆಗೆ ತಾವೇ ನಡೆದು ಹೋದರು. ಒಳಗೆ ಕೂತು ಅವರು ಕೊಟ್ಟ ಚಹಾ ಕುಡಿದರು. ಆ ಊರಿನ ನಕ್ಷೆಯಲ್ಲಿ ಆ ಮನೆಯನ್ನು ಕೆಂಪು ಶಾಯಿಯಲ್ಲಿ ಬರೆದರು, ಅದಕ್ಕೆ ಬಾಣ ಇಲ್ಲ. "ಆರು ವರ್ಷ ನಾನು ಪುಸ್ತಕದೊಳಗೆ ಏನೈತೆ ಅಂತ ನೋಡಿದೆ. ಪುಸ್ತಕ ಎಲ್ಲಿಗೆ ಹೋಗುತ್ತೆ ಅಂತ ನೋಡಬೇಕಿತ್ತು" ಅಂದರು.

ಈ ನಕ್ಷೆಗಳನ್ನು ಇಟ್ಟುಕೊಂಡು ಅವರು ಎರಡನೇ ಪ್ರಬಂಧ ಬರೆದದ್ದು, ಇದು ರಾಜ್ಯಶಾಸ್ತ್ರವೇ ಅಲ್ಲ, ಊರ ಸುದ್ದಿ ಅಂತ ಪರೀಕ್ಷಕರೊಬ್ಬರು ಅದನ್ನು ತಿರಸ್ಕರಿಸಿದ್ದು, ಎಲ್ಲ ಎಷ್ಟೋ ವರ್ಷಗಳ ಆಮೇಲಿನ ಮಾತು. ಈಗ ಅಂಥ ನಕ್ಷೆ ಬರೆಯುವುದನ್ನು ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನ ಅಂತ ಕಲಿಸುತ್ತಾರೆ. ನಾನೂ ನಿವೃತ್ತಿಯಾಗುವ ತನಕ ಕಲಿಸಿದೆ. ಕಲಿಸುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಆದರೆ ಅವರನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ಆ ತಿರಸ್ಕಾರದ ಪತ್ರ ಅಲ್ಲ, ತಿಪ್ಪಮ್ಮನ ಊರಿನ ಒಂದು ಸೋಮವಾರ.

ಅದಕ್ಕೆ ಹಿಂದಿನ ತಿಂಗಳು ಆ ಊರಿನ ಚೇರ್ಮನ್ನರು ಕಾಲೇಜಿಗೇ ಬಂದಿದ್ದರು. ಬಿಳಿ ಅಂಗಿ, ಬಿಳಿ ಪಂಚೆ, ಜೋರು ದನಿ. ಪ್ರಿನ್ಸಿಪಾಲರ ಕೋಣೆಯಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿ, "ನಿಮ್ಮ ಮೇಷ್ಟ್ರು ನಮ್ಮೂರಾಗೆ ರಾಜಕೀಯ ಮಾಡ್ತಾ ಅವರೆ. ಜವಾನ ಪುಸ್ತಕ ತಗೊಂಡು ಹೋದ್ರೆ ಆ ತಿಪ್ಪಮ್ಮ, ಮೀಟಿಂಗ್ ಎಲ್ಲೈತೆ ಹೇಳು, ಅಲ್ಲಿಗೇ ಬಂದು ಒತ್ತುತೀನಿ ಅಂತಾಳೆ. ಅವಳನ್ನ ನೋಡಿ ಇನ್ನೂ ಮೂರು ಜನ ಹಂಗೇ ಅಂತಾರೆ. ಊರ ಬಾಗಿಲಿಗೆ ಕಮಾನು ಕಟ್ಟಿಸೋ ಠರಾವು ನಿಂತೋಗೈತೆ" ಅಂತ ಕೂಗಾಡಿದರು.

ಪ್ರಿನ್ಸಿಪಾಲರು ಮೇಷ್ಟ್ರ ಕಡೆ ತಿರುಗಿ, ಆ ಊರಿಗೆ ಹೋಗುವುದನ್ನು ನಿಲ್ಲಿಸಿ ಅಂದರು.

"ನಾನು ಹೋಗೋದು ಭಾನುವಾರ ಸರ್. ಭಾನುವಾರ ಕಾಲೇಜಿನದಲ್ಲ" ಅಂದರು ಇವರು. ಆಮೇಲೆ ಚೇರ್ಮನ್ನರಿಗೆ ಕೈ ಮುಗಿದು, "ಸ್ವಾಮಿ, ನಾನು ಅವರಿಗೆ ಏನೂ ಹೇಳಿಕೊಟ್ಟಿಲ್ಲ. ಕೇಳಿದೆ ಅಷ್ಟೇ" ಅಂದರು. ಅದು ಪೂರಾ ನಿಜ. ಅಲ್ಲಿ ನಿಂತಿದ್ದ ನನಗೆ ಕೆಲಸ ಹೋಗುತ್ತದೇನೋ ಅಂತ ಹೆದರಿಕೆ. ಅವರ ಜೇಬಿನ ಕಡೆ ನೋಡಿದೆ. ಕೈ ಜೇಬಿಗೆ ಹೋಗಿರಲಿಲ್ಲ.

ನಾಲ್ವರ ಗುರುತಿಲ್ಲದೆ ಪುಸ್ತಕ ಕಳಿಸಿದರೆ ತಾಲ್ಲೂಕು ಕಚೇರಿಯಲ್ಲಿ ಪ್ರಶ್ನೆ ಬರುತ್ತದೆ ಅಂತ ಸೆಕ್ರೆಟರಿ ಹೆದರಿಕೊಂಡ. ಕೊನೆಗೆ ಚೇರ್ಮನ್ನರು ನಿಜವಾದ ಮೀಟಿಂಗು ಕರೆಯಲೇಬೇಕಾಯಿತು. ತಿಪ್ಪಮ್ಮ ಯಾರ ಕೈಲೋ ಕಾರ್ಡು ಬರೆಸಿ ಹಾಕಿದ್ದಳು: ಸೋಮವಾರ ಹನ್ನೊಂದು ಗಂಟೆಗೆ, ಬರಬೇಕು. ಕಾರ್ಡು ಮೇಷ್ಟ್ರ ಹೆಸರಿಗೆ ಬಂದಿದ್ದರೂ ಅದರಲ್ಲಿ ನನ್ನನ್ನೂ ಕರೆದಿದ್ದಳು. ಇಬ್ಬರೂ ರಜೆ ಹಾಕಿ ಹೋದೆವು.

ಚೇರ್ಮನ್ನರಿಗೆ ಎಷ್ಟಾದರೂ ಊರಿನ ಮರ್ಯಾದೆ. "ಬರ್ರಿ ಮೇಷ್ಟ್ರೇ, ಒಳಗೆ ಕುಂತ್ಕಳ್ರಿ" ಅಂದರು. "ನಾನು ಸದಸ್ಯ ಅಲ್ಲ" ಅಂತ ಇವರು ಕಿಟಕಿಯ ಹೊರಗೆ ಬಿಸಿಲಲ್ಲೇ ನಿಂತರು. ಪಕ್ಕದಲ್ಲಿ ನಾನು. ಒಳಗೆ ಹನ್ನೊಂದು ಜನ ಸದಸ್ಯರು. ತಿಪ್ಪಮ್ಮ ಸೆರಗು ಹೊದ್ದು ಬಾಗಿಲ ಪಕ್ಕ ಕೂತಿದ್ದಳು. ಕಮಾನಿನ ಠರಾವು ಓದಿದರು. ಅವಳು ಎದ್ದು ನಿಂತಳು.

"ಕಮಾನು ಆಮ್ಯಾಲೆ ಕಟ್ಟಿಸ್ರಿ. ನಮ್ಮ ಓಣ್ಯಾಗೆ ಚರಂಡಿ ಇಲ್ಲ. ಕೊಚ್ಚೆ ನೀರು ಮನಿ ಒಳಗೆ ಬರ್ತೈತೆ, ಮಕ್ಕಳಿಗೆ ಮೈತುಂಬ ಕಜ್ಜಿ. ಮೊದಲು ಚರಂಡಿ ಆಗಲಿ" ಅಂದಳು. ಒಂದು ಮಾತೂ ತಪ್ಪಲಿಲ್ಲ.

ಗಲಾಟೆಯಾಯಿತು. ಒಬ್ಬ ನಕ್ಕ, ಒಬ್ಬ ಬೈದ. ಇನ್ನೊಬ್ಬ, "ಲೇ, ಆಯಮ್ಮ ಹೇಳೋದು ಕೇಳ್ರಲೇ" ಅಂದ. ಕೊನೆಗೆ ಕೈ ಎತ್ತಿಸಿದರು. ಕಮಾನಿಗೆ ಏಳು, ಚರಂಡಿಗೆ ನಾಲ್ಕು. ಸೆಕ್ರೆಟರಿಗೆ ಹೇಗೆ ಬರೆಯಬೇಕು ಅಂತಲೇ ತಿಳಿಯಲಿಲ್ಲ. ಅವನು "ಸರ್ವಾನುಮತದಿಂದ" ಅಂತ ಮೊದಲೇ ಬರೆದು ಇಟ್ಟುಕೊಂಡಿದ್ದ. ಅದನ್ನು ಹೊಡೆದುಹಾಕಿ ಮೇಲೆ ಏಳು, ನಾಲ್ಕು ಅಂತ ಬರೆದ.

ತಿಪ್ಪಮ್ಮ ಹೊರಗೆ ಬಂದಳು. ಕಣ್ಣಲ್ಲಿ ನೀರಿತ್ತು. ನೇರ ಮೇಷ್ಟ್ರ ಹತ್ತಿರ ಬಂದು ನಿಂತಳು.

"ನೋಡಿದ್ರಾ? ಎಲ್ಲರ ಎದುರಿಗೆ ಸೋತೆ. ಮನಿಯಾಗೇ ಕುಂತು ಹೆಬ್ಬೆಟ್ಟು ಒತ್ತಿದ್ರೆ ಈ ಅವಮಾನ ಇರ್ತಿರ್ಲಿಲ್ಲ" ಅಂದಳು.

ಮೇಷ್ಟ್ರು ಕೋಟಿನ ಗುಂಡಿ ಹಿಡಿದುಕೊಂಡು ನಿಂತಿದ್ದರು. ಇವಳನ್ನು ಈ ಸ್ಥಿತಿಗೆ ತಂದವನು ನಾನೇ ಅನ್ನುವುದು ಅವರ ಮುಖದಲ್ಲೇ ಕಾಣುತ್ತಿತ್ತು. ಕ್ಷಮೆ ಕೇಳುವವರ ಹಾಗೆ ಮೆಲ್ಲಗೆ ಕೇಳಿದರು:

"ಹಂಗಾದ್ರೆ ಮುಂದಿನ ಮೀಟಿಂಗಿಗೆ ಬರಲ್ಲೇನಮ್ಮ?"

ತಿಪ್ಪಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಅವರನ್ನು ಒಂದು ಗಳಿಗೆ ನೋಡಿದಳು. ಇಷ್ಟು ಓದಿದವರು ಇದೆಂಥ ಪ್ರಶ್ನೆ ಕೇಳುತ್ತಾರೆ ಅನ್ನುವಂತಿತ್ತು ಆ ನೋಟ.

"ಬರ್ದೆ ಇರ್ತೀನೇನ್ರಿ? ಚರಂಡಿ ಆಗೈತಾ?"

ಅಷ್ಟು ಹೇಳಿ ಮನೆಯ ಕಡೆ ನಡೆದಳು. ನಾವು ರಸ್ತೆಗೆ ಬಂದು ಬಸ್ಸಿಗೆ ಕಾದೆವು. ಮೇಷ್ಟ್ರು ಮಂಡಕ್ಕಿ ಪೊಟ್ಟಣ ತೆಗೆದು ಮೊದಲ ಸಲ ನನ್ನ ಕಡೆಗೂ ಚಾಚಿದರು. "ನಾಳೆ ಹೊಸದಾಗಿ ನೋಂದಣಿಗೆ ಅರ್ಜಿ ಬರೀತೀನಿ ಕಣಮ್ಮ" ಅಂದರು.

"ಮತ್ತೆ ಮೊದಲಿಂದಲಾ ಸರ್? ನಿಮಗೆ ಐವತ್ತೆರಡಾಯಿತು."

"ಚರಂಡಿ ಆಗಿಲ್ವಲ್ಲ" ಅಂದರು.